ಅರವತ್ತೇ ಇತ್ತು

ಅಣ್ಣಾ,

ಎರಡನೇ ಮೇಜಿಗೆ ಎಂಥ ಮಾನಿಟರ್ ತರಲಿ ಎಂದು ಕೇಳಿದ್ದೀಯ. ಎಡಿಟಿಂಗಿಗೂ, ಊಟದ ಬಿಡುವಿನಲ್ಲಿ ನೀನಾಡುವ ಕಾರಿನ ಆಟಕ್ಕೂ ಪರದೆ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸಿದರೆ ಧಾರಾಳ. ನೂರನಲವತ್ತನಾಲ್ಕರದ್ದು ಬೇಡ.

ಹೋದ ವಾರ ನನ್ನ ಕುರ್ಚಿ ಒಯ್ಯಲು ಸ್ಟುಡಿಯೊಗೆ ಬಂದಾಗ ನಿನ್ನ ಮಾನಿಟರಿನ ಸೆಟ್ಟಿಂಗ್ ನೋಡಿದೆ. "ನೂರನಲವತ್ತನಾಲ್ಕು, ಬೆಣ್ಣೆ ಹಾಗೆ ಜಾರುತ್ತೆ" ಎಂದು ನೀನು ಮೆರೆಸಿದ ಆ ಮಾನಿಟರ್, ತಂದ ದಿನದಿಂದ ಅರವತ್ತರಲ್ಲೇ ಓಡುತ್ತಿದೆ. ಸೆಟ್ಟಿಂಗಿನಲ್ಲಿ ಅದನ್ನು ನಾವೇ ನೂರನಲವತ್ತನಾಲ್ಕಕ್ಕೆ ಏರಿಸಬೇಕು, ನೀನು ಬದಲಿಸಿಯೇ ಇಲ್ಲ.

ಅದನ್ನು ತಂದ ದಿನ ನಾನು "ನಂಗೇನೂ ವ್ಯತ್ಯಾಸ ಕಾಣ್ತಿಲ್ಲ" ಎಂದಿದ್ದಕ್ಕೆ ನೀನು ಗಿರಾಕಿಗಳೆದುರೇ "ನಿನ್ ಕಣ್ಣು ಈ ಕೆಲಸಕ್ಕೆ ಲಾಯಕ್ಕಿಲ್ಲ ಬಿಡು" ಎಂದುಬಿಟ್ಟೆ. ಮರುದಿನದಿಂದ ನಾನು ಕೆಲಸಕ್ಕೆ ಬರಲಿಲ್ಲ.

ಹೋದ ವಾರ ನಾನು ಆ ಸೆಟ್ಟಿಂಗ್ ಮುಟ್ಟಲಿಲ್ಲ. ಕುರ್ಚಿಯನ್ನೂ ಅಲ್ಲೇ ಬಿಟ್ಟು ಬಂದೆ.

ಎರಡನೇ ಮೇಜು ಯಾರಿಗೆಂದು ನೀನು ಬರೆದಿಲ್ಲ. ನನಗಾದರೆ, ಕಿಟಕಿಗೆ ಬೆನ್ನು ಮಾಡಿ ಕೂರುವ ಹಾಗೆ ಇಡಬೇಡ. ಪರದೆ ಮೇಲೆ ಬೆಳಕು ಬೀಳುತ್ತದೆ.

ಇಂತಿ,
ಲಾಯಕ್ಕಿಲ್ಲದ ಕಣ್ಣಿನ ತಂಗಿ