ಮೊಣಕೈ ಜಾರಿದ್ದಲ್ಲ

ನೋಡೇ, ನೀನು ಮಲಗಿದ್ದೆ, ಎಬ್ಬಿಸದೆ ಈ ಚೀಟಿ ಬರೆದಿಟ್ಟು ಹೊರಟಿದ್ದೇನೆ. ಬಕೆಟ್ಟಿನಲ್ಲಿರುವ ನನ್ನ ಜೆರ್ಸಿಯನ್ನು ಮಗಳ ಕಣ್ಣಿಗೆ ಬೀಳುವ ಮೊದಲೇ ಎಸೆದುಬಿಡು. ಅದರ ಮೇಲಿನ ರಕ್ತ ನನ್ನದಲ್ಲ.

ನಿನ್ನೆ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಮೊಣಕೈ ಜಾರಿ ಎದುರು ಟೀಮಿನವನಿಗೆ ತಗುಲಿತು ಅಂತ ನಿನಗೆ ಸುಳ್ಳು ಹೇಳಿದೆ. "ಅವನನ್ನ ಮಲಗಿಸು, ಮುಂದಿನ ವರ್ಷವೂ ಟೀಮಲ್ಲಿರ್ತೀಯ" ಅಂದಿದ್ದರು ಕೋಚ್. ಚೆಂಡಿಗೆ ಹಾರಿದವನ ದವಡೆಗೆ ಗುರಿಯಿಟ್ಟೇ ಹೊಡೆದೆ. ಮೂಳೆ ಲಟಕ್ಕೆಂದಿತು. ಬಿದ್ದವನನ್ನು ತುಳಿದೆ ಕೂಡ.

ಟೀಮಿಂದ ಟೀಮಿಗೆ ಅಂತ ಒಂಬತ್ತು ವರ್ಷದಲ್ಲಿ ಆರು ದೇಶ ಸುತ್ತಿಸಿದ್ದೇನೆ ನಿನ್ನನ್ನು. ಈ ಊರಿನಲ್ಲಾದರೂ ನೆಲೆ ನಿಲ್ಲೋಣ ಅಂತಿದ್ದೆ ನೀನು. ಈಗ ಕೋಚ್ ಫೋನ್ ಮಾಡಿ, ಇನ್ನೆರಡು ವರ್ಷ ನನ್ನ ಒಪ್ಪಂದ ಇಲ್ಲೇ ಅಂದರು.

ಮೊದಲು ಆಸ್ಪತ್ರೆಗೆ ಹೋಗಿ ಅವನ ಹೆಂಡತಿಗೆ, ಆಮೇಲೆ ಲೀಗ್ ಆಫೀಸಿನಲ್ಲಿ ನಿಜ ಹೇಳಿ ಬರ್ತೇನೆ. ಬಯ್ಯುವುದನ್ನು ಆಮೇಲೆ ಬಯ್ಯಿ. ಮತ್ತೆ ಸಾಮಾನು ಕಟ್ಟಬೇಕಾಗುತ್ತೆ ಅಂತ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಒಬ್ಬಳೇ ಇಳಿಸಬೇಡ, ಬೆನ್ನು ಹಿಡಿದೀತು. ನಾನೇ ಬಂದು ಇಳಿಸ್ತೇನೆ.