ಕೂಲರಿನ ಸದ್ದು

ಮೇ ೬, ಮಂಗಳವಾರ.

ಮಧ್ಯಾಹ್ನದ ಸೆಕೆಗೆ ಅಮ್ಮ ತಲೆಸುತ್ತಿ ಕುಸಿದಿದ್ದಳಂತೆ. ಮೊದಲು ಕಂಡವನು, ಬೇರೆ ಮನೆಯಲ್ಲಿದ್ದು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ತಮ್ಮ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ನಗಿಸುತ್ತಾ ನೀರು ಕುಡಿಸಿದವನೂ ಅವನೇ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಚೇತರಿಸಿಕೊಂಡಿದ್ದಳು. ಪಕ್ಕದ ಮನೆಯಾಕೆ, "ಮಗ ಅಂದ್ರೆ ಹೀಗಿರ್ಬೇಕು ನೋಡಿ" ಎಂದು ನನಗೇ ಹೇಳಿದರು.

ಅಮ್ಮನ ಕೋಣೆಗೆ ಕೂಲರ್ ಜೋಡಿಸಿದವನು ನಾನು. ಕಿಟಕಿಗೆ ಬಿಸಿಲು ತಡೆಯುವ ಪರದೆ ಹಾಕಿದವನೂ ನಾನು. ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಹೊಟ್ಟೆಕಿಚ್ಚು ಎಂದು ಈ ವಯಸ್ಸಿನಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಬೇರೆ ಯಾವ ಪದವೂ ಸರಿಹೊಂದುವುದಿಲ್ಲ.

ಕೂಲರ್ ನಿಂತಿತ್ತು.

"ಯಾಕಮ್ಮ ಆಫ್ ಮಾಡ್ದೆ?"

"ಅದರ ಗಲಾಟೇಲಿ ಅವನ ಸ್ಕೂಟರ್ ಸದ್ದು ಕೇಳಿಸಲ್ಲ ಕಣೋ. ಬಾಗಿಲು ಬಡಿದು ವಾಪಸ್ ಹೋಗ್ಬಿಟ್ರೆ?"

"ನನ್ನ ಕಾರಿನ ಸದ್ದು?"

"ನೀನು ಗಡಿಯಾರದ ಹಾಗೆ ಬರ್ತೀಯ. ನಿನ್ನ ದಾರಿ ಕಾಯೋದೇನಿದೆ?"

ಹೊಗಳಿಕೆಯೆಂದೇ ಹೇಳಿದಳು. ಊಟ ಸೇರಲಿಲ್ಲ.

ಕೂಲರಿನ ಕಾಲುಗಳಡಿ ದಪ್ಪ ರಬ್ಬರ್ ಇಟ್ಟು, ಫ್ಯಾನಿನ ತಿರುಪುಗಳನ್ನು ಬಿಗಿಮಾಡಿದರೆ ಸದ್ದು ಬಹಳಷ್ಟು ಇಳಿಯುತ್ತದೆ. ನಾಳೆ ಆಫೀಸಿಗೆ ಹೊರಡುವ ಮೊದಲು ಆ ಕೆಲಸ ಮುಗಿಸಬೇಕು. ಕೂಲರ್ ಓಡುತ್ತಿರಲಿ. ಅವನ ಸ್ಕೂಟರ್ ಅಮ್ಮನಿಗೆ ಕೇಳಿಸಲಿ.