ಕಾರ್ತಿಕದ ನಡುಕ

ಅಣ್ಣಾ,

ಇವತ್ತು ಬೆಳಿಗ್ಗೆ ನಮ್ಮ ಮಂಜು ಕಪ್ಪು ಲುಂಗಿ ಉಟ್ಟು ಅಂಗಳಕ್ಕೆ ಇಳಿದಾಗ ನಿನ್ನನ್ನೇ ಕಂಡ ಹಾಗಾಯಿತು. ನೀನು ಹೋದ ಮೇಲೆ ಕಿರವತ್ತಿಯ ಢಾಬಾದ ಒಲೆಯನ್ನೂ ನಿನ್ನ ಕುಡಿತವನ್ನೂ ತಮ್ಮನೇ ವಹಿಸಿಕೊಂಡಿದ್ದಾನೆ ನೋಡು! "ಅಣ್ಣನ ಹೆಸರಿನಾಗ ಮಾಲೆ ಹಾಕ್ತೀನಕ್ಕಾ. ನಿನ್ನೆಯಿಂದ ಒಂದ್ ಹನಿ ಮುಟ್ಟಿಲ್ಲ" ಎಂದ. ಅವನ ಕೈಯಲ್ಲಿ ಚಹಾ ಲೋಟ ಕುಣಿಯುತ್ತಿತ್ತು.

ನಿನ್ನ ಮೊದಲ ಮಾಲೆ ನೆನಪಿದೆಯೇ? ಬೆಳಗಿನಿಂದಲೇ ಕುಡಿಯುತ್ತಿದ್ದವನು ಒಂದೇ ಏಟಿಗೆ ಬಿಟ್ಟೆ. ಸ್ವಲ್ಪ ಬೆವರಿದೆ, ನಿದ್ದೆಗೆಟ್ಟೆ, ಅಷ್ಟೇ. ಅವ್ವನೂ ನಿನ್ನನ್ನು 'ಸ್ವಾಮಿ' ಎಂದು ಕರೆದು ಹಿಗ್ಗಿದಳು. ಶಬರಿಮಲೆಯಿಂದ ಬಂದು ಮಾಲೆ ಬಿಚ್ಚಿದವನೇ ಮತ್ತೆ ಶುರು. ಮರುವರ್ಷದ ಕಾರ್ತಿಕದಲ್ಲಿ ಕೈ ನಡುಗಿ ಸೌಟು ಹಿಡಿಯಲಾಗಲಿಲ್ಲ. ಅದರ ಮುಂದಿನ ಸಲ ಮೈಮೇಲೆ ಇಲ್ಲದ ಇರುವೆಗಳನ್ನು ಒರೆಸಿಕೊಂಡೆ. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡೆವಲ್ಲ ನಾವೆಲ್ಲ...

ಕೊನೆಯ ಸಲ ದೇವಸ್ಥಾನದ ಕಟ್ಟೆಯ ಮೇಲೆ ಫಿಟ್ಸ್ ಬಂದು, ಮಾಲೆ ಹರಿದು ಮಣಿಗಳು ಚೆಲ್ಲಿದವು. ಎಚ್ಚರವಾದಾಗ ನೀನು ಕೇಳಿದ್ದು ಒಂದೇ: "ಎಲ್ಲಿ ಮೈಲಿಗೆ ಆತು ತಂಗಿ? ನಾ ಏನ್ ತಪ್ಪು ಮಾಡಿದೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಫಿಟ್ಸ್. ಆ ಸಂಜೆಯೇ ನನ್ನ ತೊಡೆಯ ಮೇಲೆ ನೀನು ಹೋದೆ.

ಅದಕ್ಕೇ ಇವತ್ತು ಬಾಗಿಲಿಗೆ ಅಡ್ಡ ನಿಂತೆ. ಗುರುಸ್ವಾಮಿ ಕಾಯುತ್ತಿದ್ದಾರೆ ಎಂದು ಮಂಜು ಕೂಗಾಡಿದ. "ದೇವ್ರ ಕೆಲಸಕ್ಕ ಅಡ್ಡ ಬರಬ್ಯಾಡ" ಎಂದು ಅವ್ವ ಅತ್ತಳು. ಇವನೂ ಮದುವೆಗೆಂದು, ಶ್ರಾವಣಕ್ಕೆಂದು ಕುಡಿತ ಬಿಟ್ಟು ಬಿಟ್ಟು ಮತ್ತೆ ಹಿಡಿದವನೇ ಅಲ್ಲವೇ? "ಮಾಲೆ ಎಲ್ಲೂ ಓಡಿ ಹೋಗೂದಿಲ್ಲ, ಮೊದ್ಲ ಆಟೋ ಹತ್ತು!" ಎಂದು ಗದರಿಸಿ ಯಲ್ಲಾಪುರದ ಆಸ್ಪತ್ರೆಗೆ ಎಳೆದೊಯ್ದೆ. ದಾರಿಯುದ್ದಕ್ಕೂ ಅವನ ಕೈ ಹಿಡಿದೇ ಇದ್ದೆ; ನಡುಕ ಹೆಚ್ಚುತ್ತಲೇ ಇತ್ತು. ಇವನೂ ನನ್ನ ತೊಡೆಯ ಮೇಲೆಯೇ...

ಡಾಕ್ಟರಮ್ಮ ಕೂಡಲೇ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನಿನ್ನ ಕತೆಯನ್ನೆಲ್ಲ ಹೇಳಿದೆ. "ದಿನಾ ಕುಡಿಯೋರ ಮಿದುಳು ಕುಡಿತದ ಮಂಪರನ್ನ ತಡೀಲಿಕ್ಕೆ ಸದಾ ಬಿಗಿಯಾಗಿರ್ತದೆ. ದಿಢೀರ್ ಅಂತ ಬಿಟ್ರೆ ಕೆರಳ್ತದೆ. ಹಿಂಗೇ ಬಿಡೋದು, ಹಿಡಿಯೋದು ಮಾಡಿದ್ರೆ ಮುಂದಿನ ಸಲ ಇನ್ನೂ ಜೋರಾಗಿ ಕೆರಳಬಹುದು. ಬಿಡಲೇಬೇಕು, ಆದ್ರೆ ಔಷಧಿ ಜೊತೆ" ಎಂದರು.

ಈಗ ಮಂಜು ಮಲಗಿದ್ದಾನೆ, ಕೈ ಸುಮ್ಮನಿದೆ. ಗುರುಸ್ವಾಮಿಯವರೂ ಬಂದು, "ಮೈ ಸುಧಾರಿಸ್ಲಿ, ನಾನ ಬಂದು ಮಾಲೆ ಹಾಕ್ತೀನಿ" ಎಂದು ಹೋದರು. ನೀನು ಕೇಳಿದ್ದಕ್ಕೆ ಈಗ ಉತ್ತರ ಸಿಕ್ಕಿದೆ. ಎಲ್ಲೂ ಮೈಲಿಗೆ ಆಗಿರಲಿಲ್ಲ ಅಣ್ಣಾ. ನೀನು ಏನೂ ತಪ್ಪು ಮಾಡಿರಲಿಲ್ಲ.

ನಿನ್ನ ತಂಗಿ